ಬಹಳಷ್ಟು ಟೆಕ್ಸ್ಟ್ ಫೈಲ್‌ಗಳನ್ನು ಕಮಾಂಡ್ ಮೂಲಕ ಒಂದಾಗಿಸುವುದು ಹೇಗೆ?

ಲಿನಕ್ಸ್ ಅಥವಾ ಮ್ಯಾಕ್‌ನಲ್ಲಾದರೆ ಇದಕ್ಕೆ ಸ್ಕ್ರಿಪ್ಟ್ ಕೂಡ ಬೇಡ, ‘ಕ್ಯಾಟ್’ (cat) ಕಮಾಂಡ್ ಒಂದೇ ಸಾಕು. ಅದರ ಮುಂದೆ ನಕ್ಷತ್ರ ಚಿಹ್ನೆ (*), ಅದಕ್ಕಂಟಿಕೊಂಡು ಚುಕ್ಕಿ ಮತ್ತು ಟೆಕ್ಸ್ಟ್ ಫೈಲ್‌ಗಳ ಎಕ್ಸ್‌ಟೆನ್ಷನ್ (txt), ಬಳಿಕ ‘>’ ಹಾಕಿ ಹೊಸ ಫೈಲ್‌ನ ಹೆಸರು ಬರೆಯಿರಿ. ಹೊಸ ಫೈಲ್ ಬೇರೆ ಫೋಲ್ಡರ್‌ನಲ್ಲಿರಲಿ. ಇಲ್ಲವಾದರೆ ಮುಂದಿನ ಸಲ ನಕ್ಷತ್ರ ಅದನ್ನೂ ಎಳೆದುಕೊಳ್ಳುತ್ತದೆ.

ನಾನು ಎಡವಿದ್ದು ಕ್ರಮದಲ್ಲಿ. ಹೆಸರುಗಳು ಅಕ್ಷರಕ್ರಮದಲ್ಲಿ ಜೋಡಣೆಯಾಗುವುದರಿಂದ ‘ಅಧ್ಯಾಯ2’ಕ್ಕಿಂತ ಮೊದಲೇ ‘ಅಧ್ಯಾಯ10’ ಬಂದು ಕುಳಿತಿತ್ತು! 01, 02 ಎಂದು ಹೆಸರಿಟ್ಟರೆ ಈ ಗೋಳಿಲ್ಲ. ಫೈಲ್‌ನ ಕೊನೆಯಲ್ಲಿ ಎಂಟರ್ ಒತ್ತಿರದಿದ್ದರೆ ಮುಂದಿನ ಫೈಲ್‌ನ ಮೊದಲ ಸಾಲು ಅದಕ್ಕೇ ಅಂಟಿಕೊಳ್ಳುತ್ತದೆ. ಆಗ ‘ಕ್ಯಾಟ್’ ಬದಲು ‘ಆಕ್ 1’ (awk 1) ಬಳಸಿ.

ವಿಂಡೋಸ್‌ನವರಿಗೆ ಇದೇ ಕೆಲಸಕ್ಕೆ ‘ಕಾಪಿ /ಬಿ’ (copy /b) ಇದೆ.