ಶಿಷ್ಯತ್ವ ತರಬೇತಿ ಶಾಲೆಯಲ್ಲಿ ಮನಸ್ಸು ಪೂರ್ತಿ ಬಿಚ್ಚಿಡಬೇಕಾ?

ನೀವು ಕೇಳಿರುವುದು ಮೂರು. ಕೊಡಗಿನ ಡಿಟಿಎಸ್‌ನಲ್ಲಿ (ಡಿಸೈಪಲ್‌ಶಿಪ್ ಟ್ರೈನಿಂಗ್ ಸ್ಕೂಲ್, ಅಂದರೆ ಕ್ರೈಸ್ತ ಶಿಷ್ಯತ್ವ ತರಬೇತಿ ಶಾಲೆ) ದಿನ ಹೇಗಿರುತ್ತೆ, ಬಿ.ಎಡ್ ಮುಂದಕ್ಕೆ ಹಾಕಿ ಅದಕ್ಕೆ ಸೇರಬಹುದಾ, ‘ಒಳಗಿರೋದನ್ನೆಲ್ಲ ಎಲ್ಲರ ಮುಂದೆ ಬಿಚ್ಚಿಟ್ಟರೆ ಮಾತ್ರ ಆಧ್ಯಾತ್ಮಿಕವಾಗಿ ಬೆಳೀತೀರಿ’ ಅಂತ ನಿಮ್ಮ ಸೀನಿಯರ್ ಹೇಳಿದ್ದು ನಿಜವಾ. ಮೂರನೆಯದನ್ನು ಓದಿದಾಗ ಹೊಟ್ಟೆ ತೊಳಸಿದ ಹಾಗಾಯಿತು. 2018ರ ಜುಲೈಯಲ್ಲಿ ಅದೇ ಮಾತನ್ನು ನನಗೂ ಒಬ್ಬರು ಹೇಳಿದ್ದರು. ನಾನು ನಂಬಿದೆ.

ಡಿಟಿಎಸ್ ಅನ್ನುವ ಹೆಸರು ಬಂದಿದ್ದು ಯೂತ್ ವಿತ್ ಎ ಮಿಷನ್‌ನಿಂದ. 1960ರಲ್ಲಿ ಲೊರೆನ್ ಕನ್ನಿಂಗ್‌ಹ್ಯಾಮ್ ಶುರು ಮಾಡಿದ ಕ್ರೈಸ್ತ ಮಿಷನರಿ ಸಂಸ್ಥೆ ಅದು. ಸುಮಾರು ಮೂರು ತಿಂಗಳು ಪಾಠ, ಆಮೇಲೆ ಎರಡು ಮೂರು ತಿಂಗಳು ಔಟ್‌ರೀಚ್, ಅಂದರೆ ಹೊರಗೆ ಹೋಗಿ ಸೇವೆ, ಸುವಾರ್ತೆ. ವಾರಕ್ಕೊಬ್ಬರು ಹೊಸ ಬೋಧಕರು, ವಾರಕ್ಕೊಂದು ವಿಷಯ. ನಾನು ಹೋದದ್ದು ಅವರದ್ದಲ್ಲ. ಅದೇ ಮಾದರಿಯಲ್ಲಿ ನಡೆಯುತ್ತಿದ್ದ ಒಂದು ಚಿಕ್ಕ ಶಾಲೆ, ಸುಂಟಿಕೊಪ್ಪದ ಕಡೆ, ಕಾಫಿ ತೋಟದ ನಡುವೆ. ಹೆಸರು ಬೇಡ.

ದಿನದ ವಿಷಯ ಬೇಗ ಹೇಳಿಬಿಡುತ್ತೇನೆ. ಆರು ಗಂಟೆಗೆ ಕ್ವೈಟ್ ಟೈಮ್. ಅಂದರೆ ಸತ್ಯವೇದ (ಬೈಬಲ್) ಹಿಡಿದುಕೊಂಡು ಒಬ್ಬೊಬ್ಬರು ಒಂದೊಂದು ಮೂಲೆ. ಮಳೆಗಾಲದಲ್ಲಿ ಅರ್ಧ ಜನ ಅಲ್ಲೇ ಮತ್ತೆ ನಿದ್ದೆ. ತಿಂಡಿ, ಆರಾಧನೆ, ಮಧ್ಯಾಹ್ನದವರೆಗೆ ಲೆಕ್ಚರ್. ಊಟ ಆದ ಮೇಲೆ ವರ್ಕ್ ಡ್ಯೂಟಿ. ನನಗೆ ಸಿಕ್ಕಿದ್ದು ಸೌದೆ ಒಡೆಯೋದು, ಟಾಯ್ಲೆಟ್ ತೊಳೆಯೋದು. ಸಂಜೆ ಪ್ರಾರ್ಥನೆ, ವಾರಕ್ಕೊಮ್ಮೆ ಸ್ಟಾಫ್ ಒಬ್ಬರ ಜೊತೆ ಕೂತು ಮಾತು. ಕರೆಂಟು ಹೋದರೆ ಎರಡು ದಿನ ಬರುತ್ತಿರಲಿಲ್ಲ. ಬಟ್ಟೆ ಒಣಗುವ ಮಾತೇ ಇಲ್ಲ. ಅಡುಗೆಮನೆ ಒಲೆಯ ಮೇಲೆ ಹಗ್ಗ ಕಟ್ಟಿ ನೇತು ಹಾಕುತ್ತಿದ್ದೆವು. ಭಾನುವಾರ ನಾವು ಹದಿನಾಲ್ಕು ಜನ ಚರ್ಚಿಗೆ ಹೋದರೆ ಮೀನು ಹೊಗೆ ಹಾಕಿದ ವಾಸನೆ.

ಈಗ ನನ್ನ ಕಥೆ.

ನಮ್ಮದು ಅಮ್ಮತ್ತಿ ಕಡೆಯ ಸಿಎಸ್ಐ (ಚರ್ಚ್ ಆಫ್ ಸೌತ್ ಇಂಡಿಯಾ, ಪ್ರೊಟೆಸ್ಟೆಂಟ್ ಸಭೆ) ಕುಟುಂಬ. ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ ಶುರು ಮಾಡಿದ ಬಾಸೆಲ್ ಮಿಷನ್‌ನ ಪಾದ್ರಿ ಹರ್ಮನ್ ಮೋಗ್ಲಿಂಗ್ ಆಮೇಲೆ ಕೊಡಗಿಗೆ ಬಂದು 1850ರ ದಶಕದಲ್ಲಿ ಆನಂದಪುರ ಅನ್ನುವ ಕ್ರೈಸ್ತರ ಊರು ಕಟ್ಟಿದರಲ್ಲ, ಆ ಕಾಲದಿಂದ ನಾವು ಕ್ರೈಸ್ತರು ಅಂತ ನಮ್ಮ ಮನೆಯಲ್ಲಿ ಹೇಳುತ್ತಾರೆ. ಅಪ್ಪ ಅದನ್ನು ಯಾರು ಸಿಕ್ಕರೂ ಹೇಳುತ್ತಿದ್ದರು. ಅವರು ಎಸ್ಟೇಟ್ ರೈಟರ್. ಚೆಕ್‌ರೋಲ್ (ಆಳುಗಳ ಹಾಜರಿ ಪುಸ್ತಕ) ಬರೆಯೋದು, ಬಟವಾಡೆ ಮಾಡೋದು, ಭಾನುವಾರ ಬಿಳಿ ಶರಟು ಹಾಕಿಕೊಂಡು ಚರ್ಚಿನಲ್ಲಿ ಕಾಣಿಕೆ ಚೀಲ ಹಿಡಿಯೋದು. ಈ ಮೂರೇ ಅವರ ಬದುಕು.

ನಾಲ್ಕನೆಯದೊಂದು ಇತ್ತು. ಅಮ್ಮ ತೀರಿಕೊಂಡ ಮೇಲೆ ಅಪ್ಪ ಕುಡಿಯುತ್ತಿದ್ದರು. ಕೊಡಗಿನಲ್ಲಿ ಕುಡಿಯೋದು ಸುದ್ದಿಯೇ ಅಲ್ಲ, ನಿಜ. ಆದರೆ ಅಪ್ಪ ಕದ್ದು ಕುಡಿಯುತ್ತಿದ್ದರು, ಸಭೆಯ ಹಿರಿಯರಲ್ವಾ. ಬಟವಾಡೆ ದಿನ ರಾತ್ರಿ ಮೆಟ್ಟಿಲ ಮೇಲೆ ಬಿದ್ದಿರುತ್ತಿದ್ದರು. ನನಗೆ ಹನ್ನೆರಡು ವರ್ಷ. ಅವರ ಗಂಬೂಟ್ ಎಳೆದು ತೆಗೆಯೋದು ನನ್ನ ಕೆಲಸ. ಮಳೆ ನೀರು ತುಂಬಿದ ಗಂಬೂಟ್ ಸುಲಭಕ್ಕೆ ಬರಲ್ಲ. ಹಿಮ್ಮಡಿ ಹಿಡಿದು ತಿರುಗಿಸಿ ಎಳೆಯಬೇಕು. ಬಂದಾಗ ನಾನೂ ಹಿಂದಕ್ಕೆ ಬೀಳುತ್ತಿದ್ದೆ.

ಅಪ್ಪ ಕುಡಿಯೋದು ಬಿಟ್ಟರು. ಯಾವ ಕ್ಯಾಂಪಿಗೂ ಹೋಗದೆ, ಯಾರಿಗೂ ಹೇಳದೆ. ನಾನು ಆ ತರಬೇತಿ ಶಾಲೆಗೆ ಸೇರುವಾಗ ಬಿಟ್ಟು ನಾಲ್ಕು ವರ್ಷ ಆಗಿತ್ತು. ಈ ವಾಕ್ಯ ನೆನಪಿಟ್ಟುಕೊಳ್ಳಿ.

ನಾಲ್ಕನೇ ವಾರದ ವಿಷಯ ‘ದೇವರ ತಂದೆತನ’. ಇಂಥ ಶಾಲೆಗಳಲ್ಲಿ ಈ ಪಾಠ ಸಾಮಾನ್ಯವಾಗಿ ಇರುತ್ತೆ. ಪರಲೋಕದ ತಂದೆಯನ್ನು ನಾವು ನಮ್ಮ ಅಪ್ಪನ ಮುಖದಲ್ಲಿ ನೋಡುತ್ತೇವೆ, ಆದ್ದರಿಂದ ಅಪ್ಪನಿಂದಾದ ಗಾಯ ಮೊದಲು ವಾಸಿಯಾಗಬೇಕು ಅನ್ನುವುದು ಅದರ ಸಾರ. ಪಾಠ ತಪ್ಪು ಅಂತ ನಾನು ಈಗಲೂ ಹೇಳಲ್ಲ. ಬಂದಿದ್ದ ಬೋಧಕರೂ ಒಳ್ಳೆಯವರೇ. ಶುಕ್ರವಾರ ರಾತ್ರಿ ಸಾಕ್ಷಿ ಹೇಳುವ ಕೂಟ ಇಟ್ಟರು, ಅಂದರೆ ದೇವರು ತನ್ನನ್ನು ಹೇಗೆ ಬದಲಾಯಿಸಿದ ಅಂತ ಒಬ್ಬೊಬ್ಬರು ಎದ್ದು ಹೇಳೋದು. ಮೇಣದಬತ್ತಿ, ಒಂದು ಗಿಟಾರ್, ಹೊರಗೆ ಮಳೆ. ಅಲ್ಲಿ ಕೂತರೆ ಕಲ್ಲೂ ಅಳುತ್ತೆ.

ನನಗಿಂತ ಮೊದಲು ಎದ್ದವನು ಗಾಂಜಾ ಬಿಟ್ಟವನು. ಅವನ ಮೊದಲು ಎದ್ದ ಹುಡುಗಿ ಎರಡು ಸಲ ಸಾಯಲು ಹೋಗಿದ್ದವಳು. ಎಲ್ಲರೂ ಅಳುತ್ತಿದ್ದರು, ತಬ್ಬಿಕೊಳ್ಳುತ್ತಿದ್ದರು. ನನ್ನ ಸರದಿ ಹತ್ತಿರ ಬರುತ್ತಿದ್ದ ಹಾಗೆ ಕೈ ತಣ್ಣಗಾಯಿತು. ನನ್ನ ಹತ್ತಿರ ಏನೂ ಇರಲಿಲ್ಲ! ಸಂಡೆ ಸ್ಕೂಲಿನಲ್ಲಿ ಬಹುಮಾನ ತಗೊಂಡು ಬೆಳೆದ ಹುಡುಗ. ಪರೀಕ್ಷೆಯಲ್ಲಿ ಒಮ್ಮೆ ಕಾಪಿ ಹೊಡೆದಿದ್ದೆ, ಒಬ್ಬಳ ಮೇಲೆ ಹೊಟ್ಟೆಕಿಚ್ಚು ಇತ್ತು. ಅದನ್ನು ಹೇಳಿದರೆ ಯಾರು ಅಳುತ್ತಾರೆ? ನನ್ನ ಹತ್ತಿರ ದೊಡ್ಡ ಪಾಪ ಇರಲಿಲ್ಲ, ಅದಕ್ಕೆ ಅಪ್ಪನದ್ದು ಸಾಲ ತಗೊಂಡೆ.

ಎಲ್ಲ ಹೇಳಿದೆ. ಕಾಣಿಕೆ ಚೀಲ, ಬಿಳಿ ಶರಟು, ಮೆಟ್ಟಿಲು, ಗಂಬೂಟ್. ಸುಳ್ಳು ಒಂದೂ ಇರಲಿಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ವರ್ಷಗಟ್ಟಲೆ ನಾನು ‘ಸುಳ್ಳೇನು ಹೇಳಿಲ್ಲವಲ್ಲ’ ಅಂತಲೇ ವಾದ ಮಾಡಿದ್ದೇನೆ. ನಾನು ಒಂದೇ ಒಂದು ವಾಕ್ಯ ಬಿಟ್ಟೆ. ‘ಅಪ್ಪ ಬಿಟ್ಟು ನಾಲ್ಕು ವರ್ಷ ಆಯಿತು’ ಅನ್ನುವ ವಾಕ್ಯ. ಮರೆತು ಬಿಟ್ಟಿದ್ದಲ್ಲ. ಬಾಯಿಯವರೆಗೂ ಬಂದಿತ್ತು. ಅದನ್ನು ಹೇಳಿದರೆ ಕಥೆ ಇಳಿಯುತ್ತೆ ಅಂತ ಗೊತ್ತಾಗಿ ನುಂಗಿದೆ. ಎದುರಿಗೆ ಒಬ್ಬಳು ಆಗಷ್ಟೇ ಕಣ್ಣು ಒರೆಸಿಕೊಳ್ಳಲು ಶುರು ಮಾಡಿದ್ದಳು, ಅದು ನಿಲ್ಲೋದು ನನಗೆ ಬೇಡವಾಗಿತ್ತು. ‘ನಾನು ಅಪ್ಪನನ್ನು ಕ್ಷಮಿಸುತ್ತೇನೆ’ ಅಂತ ಮುಗಿಸಿದೆ. ಅಪ್ಪ ಕೇಳಿರಲೇ ಇಲ್ಲ.

ಎಲ್ಲರೂ ಬಂದು ತಲೆ ಮೇಲೆ ಕೈ ಇಟ್ಟರು. ಆ ರಾತ್ರಿ ಮೈ ಹಗುರ. ಬೆಳೆದೆ ಅಂದುಕೊಂಡೆ. ನಿಮ್ಮ ಸೀನಿಯರ್ ಹೇಳುತ್ತಿರುವುದು ಆ ಹಗುರವನ್ನೇ ಅಂತ ನನ್ನ ಅನುಮಾನ. ಭಾರ ಇಳಿದಿದ್ದು ನಿಜ, ಆದರೆ ಅದು ಇನ್ನೊಬ್ಬರ ಹೆಗಲಿಗೆ ಹೋಗಿತ್ತು.

2011ರ ಗಣತಿ ಪ್ರಕಾರ ಕೊಡಗಿನ ಜನ ಸುಮಾರು ಐದೂವರೆ ಲಕ್ಷ. ಅದರಲ್ಲಿ ಕ್ರೈಸ್ತರು ನೂರಕ್ಕೆ ಮೂರು. ಇಲ್ಲಿ ಯಾರಿಗೆ ಯಾರು ಗೊತ್ತಿಲ್ಲ ಹೇಳಿ? ಶಾಲೆಯ ಅಡುಗೆ ಅಕ್ಕನ ತವರು ನಮ್ಮ ಅಮ್ಮತ್ತಿ ಹತ್ತಿರದ ಸಿದ್ದಾಪುರ. ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡು ಅವರೂ ಅತ್ತಿದ್ದರು. ಅವರು ಚಾಡಿ ಹೇಳಲಿಲ್ಲ, ದಯವಿಟ್ಟು ಹಾಗೆ ತಿಳಿಯಬೇಡಿ. ತಮ್ಮ ಅಕ್ಕನಿಗೆ ಫೋನ್ ಮಾಡಿ ‘ಪ್ರಾರ್ಥನೆ ಮಾಡು’ ಅಂದರು. ಆ ಅಕ್ಕ ಮಹಿಳಾ ಕೂಟದಲ್ಲಿ ಪ್ರಾರ್ಥನಾ ವಿನಂತಿ ಕೊಟ್ಟರು. ನಮ್ಮಲ್ಲಿ ಪ್ರಾರ್ಥನಾ ವಿನಂತಿಯಷ್ಟು ಬೇಗ ಓಡುವ ವಾಹನ ಇನ್ನೊಂದಿಲ್ಲ. ಎರಡನೇ ಭಾನುವಾರ ಆರಾಧನೆ ಮುಗಿದ ಮೇಲೆ ಒಬ್ಬರು ಅಪ್ಪನ ಎರಡೂ ಕೈ ಹಿಡಿದು, “ರೈಟ್ರೇ, ನಿಮ್ಮ ಬಿಡುಗಡೆಗೋಸ್ಕರ ಪ್ರಾರ್ಥನೆ ಮಾಡ್ತಾ ಇದ್ದೀವಿ” ಅಂದರಂತೆ. ನಾಲ್ಕು ವರ್ಷ ಹನಿ ಮುಟ್ಟದ ಮನುಷ್ಯನಿಗೆ. ಮುಂದಿನ ವಾರದಿಂದ ಅಪ್ಪ ಕಾಣಿಕೆ ಚೀಲ ಹಿಡಿಯಲಿಲ್ಲ. ಹಿಂದಿನ ಬೆಂಚಿಗೆ ಹೋದರು.

ಅಷ್ಟರಲ್ಲಿ ಆಗಸ್ಟ್ ಮಧ್ಯದ ಆ ಮಳೆ. ಮಕ್ಕಂದೂರು, ಜೋಡುಪಾಲ, ಕಾಲೂರು ಕಡೆ ಗುಡ್ಡಗಳು ಜಾರಿದ್ದು ನೀವೂ ಟಿವಿಯಲ್ಲಿ ನೋಡಿರುತ್ತೀರಿ. ಪಾಠ ನಿಂತಿತು. ನಮ್ಮನ್ನೆಲ್ಲ ಒಂದು ಪರಿಹಾರ ಕೇಂದ್ರಕ್ಕೆ ಕಳಿಸಿದರು. ಅಲ್ಲಿ ಯಾರೂ ಸುವಾರ್ತೆ ಕರಪತ್ರ ತೆಗೆಯಬಾರದು ಅಂತ ಶಾಲೆಯ ಮುಖ್ಯಸ್ಥರು ಕಟ್ಟುನಿಟ್ಟಾಗಿ ಹೇಳಿದ್ದರು. ಆ ಒಂದು ಮಾತಿಗೆ ನನಗೆ ಅವರ ಮೇಲೆ ಈಗಲೂ ಗೌರವ ಇದೆ. ರಾತ್ರಿ ಎರಡು ಗಂಟೆಗೆ ಈರುಳ್ಳಿ ಹೆಚ್ಚುತ್ತಿದ್ದೆ. ಮನೆ, ತೋಟ ಎಲ್ಲ ಮಣ್ಣಲ್ಲಿ ಹೋದ ಒಬ್ಬರು ಅಜ್ಜಿ ಹತ್ತಿರ ಬಂದು, “ಮಗಾ, ಎಲೆ ಅಡಿಕೆ ಏನಾದ್ರೂ ಸಿಗುತ್ತಾ?” ಅಂತ ಕೇಳಿದರು. ಎಲ್ಲೂ ಇರಲಿಲ್ಲ. ಬೆಳಿಗ್ಗೆವರೆಗೆ ಹುಡುಕಿ ಒಬ್ಬ ಜೀಪ್ ಡ್ರೈವರ್ ಹತ್ತಿರ ಇಸ್ಕೊಂಡು ಬಂದೆ. ಆರು ತಿಂಗಳಲ್ಲಿ ನಾನು ಏನಾದರೂ ಬೆಳೆದಿದ್ದರೆ ಆ ಒಂದು ಎಲೆಯಷ್ಟು.

ಮೂರನೇ ದಿನ ನಮ್ಮ ಚರ್ಚಿನ ಪಿಕಪ್ ಬಂತು. ಅಕ್ಕಿ ಮೂಟೆ, ಬೆಡ್‌ಶೀಟ್. ಮೇಲೆ ನಿಂತು ಮೂಟೆ ಇಳಿಸುತ್ತಿದ್ದವರು ಅಪ್ಪ. ಸಾಲಿನಲ್ಲಿ ನನ್ನ ಸರದಿ ಬಂತು. ನನ್ನ ಮುಖ ನೋಡಿದರು. “ಹಿಡ್ಕೊಳ್ಳಿ” ಅಂದರು.

ಹುಟ್ಟಿದಾಗಿನಿಂದ ನನಗೆ ‘ಲೋ’, ‘ಏಯ್’, ‘ಹಿಡ್ಕೋ’. ನಾಯಿಯನ್ನೂ ನನ್ನನ್ನೂ ಕರೆಯುವ ದನಿ ಒಂದೇ. ಅವತ್ತು ಬಹುವಚನ. ನನ್ನ ಹಿಂದಿದ್ದ ಗೊತ್ತಿಲ್ಲದ ಹುಡುಗನಿಗೂ ಅದೇ “ಹಿಡ್ಕೊಳ್ಳಿ”. ಇಪ್ಪತ್ತೈದು ಕೆಜಿ ಮೂಟೆ ಹೆಗಲ ಮೇಲಿಟ್ಟುಕೊಂಡು ಹೋಗಿ ಗೋಡೆ ಪಕ್ಕ ನಿಂತುಬಿಟ್ಟೆ.

ಔಟ್‌ರೀಚ್ ಮುಗಿಸಿ ಡಿಸೆಂಬರಿಗೆ ಮನೆಗೆ ಹೋದೆ. ಸ್ಟಾಫ್ ಆಗಿ ಉಳಿ ಅಂದರು, ಉಳಿಯಲಿಲ್ಲ. ಅತ್ತೆ ಹತ್ತಿರ ಕೂತು, ಚರ್ಚಿನಲ್ಲಿ ಎದ್ದು ನಿಂತು ‘ಅಪ್ಪ ಬಿಟ್ಟು ನಾಲ್ಕು ವರ್ಷ ಆಗಿದೆ’ ಅಂತ ಹೇಳಿಬಿಡ್ತೀನಿ ಅಂದೆ. ಅತ್ತೆ ಮೂವತ್ತು ವರ್ಷ ಸಂಡೆ ಸ್ಕೂಲ್ ನಡೆಸಿದವರು. “ಇನ್ನೊಂದ್ಸಲ ಅವನನ್ನ ಸ್ಟೇಜ್ ಹತ್ತಿಸಬೇಡ. ಆದಿಕಾಂಡ ಒಂಬತ್ತು ಓದೋ ಮೊದಲು” ಅಂದರು. ಓದಿದೆ. ನೋಹ ದ್ರಾಕ್ಷಾರಸ ಕುಡಿದು ಗುಡಾರದಲ್ಲಿ ಬೆತ್ತಲೆ ಬಿದ್ದಿರುತ್ತಾನೆ. ಒಬ್ಬ ಮಗ ಹಾಮ ನೋಡಿ, ಹೊರಗೆ ಬಂದು ಹೇಳುತ್ತಾನೆ. ಉಳಿದಿಬ್ಬರು ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು, ಅಪ್ಪನ ಕಡೆ ಬೆನ್ನು ಮಾಡಿ ನಡೆದು ಹೋಗಿ ಹೊದಿಸುತ್ತಾರೆ. ಹಾಮನೂ ಸುಳ್ಳು ಹೇಳಿರಲಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪಲ್ಲ. ಬಿಚ್ಚಿಡೋದಕ್ಕೂ ಬೆಳೆಯೋದಕ್ಕೂ ನೀವು ಅಂದುಕೊಂಡಷ್ಟು ಸಂಬಂಧ ಇಲ್ಲ. ಪಾಪಗಳನ್ನು ಒಬ್ಬರಿಗೊಬ್ಬರು ಅರಿಕೆ ಮಾಡಿ ಅಂತ ಯಾಕೋಬನ ಪತ್ರದಲ್ಲಿ ಇದೆ ಅಂತ ನಿಮಗೆ ತೋರಿಸುತ್ತಾರೆ. ಅಲ್ಲಿ ‘ನಿಮ್ಮ’ ಪಾಪಗಳನ್ನು ಅಂತ ಇದೆ, ಸರಿಯಾಗಿ ನೋಡಿ. ಹೇಳುವ ಕಥೆಯಲ್ಲಿ ಬದುಕಿರುವ ಇನ್ನೊಬ್ಬರು ಇದ್ದರೆ ಅದು ನಿಮ್ಮೊಬ್ಬರದ್ದಲ್ಲ. ಅವರ ಎದುರಿಗೆ ಓದಲಾಗದ ಸಾಕ್ಷಿಯನ್ನು ಮೈಕ್ ಮುಂದೆ ಓದಬೇಡಿ. ಮನೆಯಲ್ಲಿ ಹೊಡೆತ, ಹಿಂಸೆ ಅನುಭವಿಸಿದವರ ಮಾತು ಬೇರೆ. ಅವರು ಮುಚ್ಚಿಡಲೇಬಾರದು. ಆದರೆ ಅವರಿಗೂ ಬೇಕಿರುವುದು ನಂಬಿಕೆ ಇರುವ ಒಬ್ಬರು, ಅಳುತ್ತಿರುವ ಹದಿನಾಲ್ಕು ಜನ ಅಲ್ಲ. ‘ಹೇಳಲು ನನ್ನ ಹತ್ತಿರ ಏನೂ ಇಲ್ಲ’ ಅನ್ನಿಸಿದರೆ ಅದನ್ನೇ ಹೇಳಿ ಕೂತುಬಿಡಿ. ಬೇಜಾರಾದರೆ ಬೋಧಕರಿಗೆ ಆಗಲಿ.

ಅಪ್ಪ ಮತ್ತೆ ಕುಡಿಯಲಿಲ್ಲ. ಈ ಸಲ ಈ ವಾಕ್ಯ ಬಿಡಲ್ಲ. ನನಗೆ ಏಕವಚನ ವಾಪಸ್ ಬರಲು ಎರಡು ಕಾಫಿ ಕೊಯ್ಲು ಬೇಕಾಯಿತು. ಕಾಣಿಕೆ ಚೀಲ ಮಾತ್ರ ಅವರು ಇವತ್ತಿಗೂ ಹಿಡಿಯುತ್ತಿಲ್ಲ. ಇದನ್ನು ಹಾಕುವ ಮೊದಲು ಅವರಿಗೆ ಪೂರ್ತಿ ಓದಿ ಹೇಳಿದ್ದೇನೆ. “ಆ ಗಂಬೂಟ್ ವಿಷ್ಯ ತೆಗಿಯೋ” ಅಂದರು. ಸ್ವಲ್ಪ ಹೊತ್ತು ಬಿಟ್ಟು, “ಇರ್ಲಿ ಬಿಡು” ಅಂದರು.

ಬಿ.ಎಡ್ ವಿಷಯ ಮರೆತೇ ಹೋಗಿತ್ತು. ಸೀಟು ಸಿಕ್ಕಿದ್ದರೆ ಆ ಎರಡು ವರ್ಷ ಮುಗಿಸಿ. ಡಿಟಿಎಸ್ ಸರ್ಟಿಫಿಕೇಟ್ ತೋರಿಸಿದರೆ ಯಾವ ಶಾಲೆಯೂ ಟೀಚರ್ ಕೆಲಸ ಕೊಡಲ್ಲ. ಆಮೇಲೂ ಹೋಗಬೇಕು ಅನ್ನಿಸಿದರೆ ಧಾರಾಳವಾಗಿ ಹೋಗಿ, ಆದರೆ ಜನವರಿ ಬ್ಯಾಚ್ ಇದೆಯಾ ಕೇಳಿ. ಬಟ್ಟೆಯಾದರೂ ಒಣಗುತ್ತೆ.