ಕಲ್ಲು ಕೊಡೋ ಹುಡುಗನ ಕೆಲಸ

ಬಳ್ಳಾರಿಗೆ ಹೊಸದಾಗಿ ಬಂದವರೆಲ್ಲ ಕೇಳುವ ಪ್ರಶ್ನೆ ಇದು: "ನಿಮ್ಮಲ್ಲಿ ಮರವೇ ಇಲ್ಲವಲ್ಲ, ಸಾ ಮಿಲ್ ಹೇಗೆ ನಡೆಯುತ್ತೆ?" ಮನೆಯ ಬಾಗಿಲಿಗೆ ಮರ ಬೇಕು ಅಂತ ಹೇಳುತ್ತಾ ನೀವೂ ಅದನ್ನೇ ಕೇಳಿದಿರಿ. ಜೊತೆಗೆ, ಕಡಿದಾದ ಬೆಟ್ಟದಲ್ಲಿ ದೊಡ್ಡ ಮರ ಉರುಳಿಸಿ ಇಳಿಸುವ ಕೆಲಸ ಈಗ ಹೇಗಾಗಿದೆ ಅಂತಲೂ ಕೇಳಿದಿರಿ. ಮರ ಇಲ್ಲದ ಊರಿನವನನ್ನ ಕೇಳೋ ಪ್ರಶ್ನೆ ಅಲ್ಲ ಅದು. ಆದರೂ ಹೇಳುತ್ತೇನೆ, ಯಾಕಂದರೆ ನಮ್ಮ ಮನೆ ಎರಡು ತಲೆಮಾರಿನಿಂದ ದಿಮ್ಮಿಯ ಮೇಲೆಯೇ ನಡೆದಿದೆ.

ನಮ್ಮ ಊರಿನ ಹೆಸರು ಹೊತ್ತ ಮರ ಒಂದಿದೆ, ಬಳ್ಳಾರಿ ಜಾಲಿ. ಅದೂ ನಮ್ಮದಲ್ಲ, ಅಮೆರಿಕ ಖಂಡದಿಂದ ಬಂದದ್ದು. ಸೌದೆಗೆ ಆಗುತ್ತೆ, ಇದ್ದಿಲಿಗೆ ಆಗುತ್ತೆ, ತೊಲೆಗೆ ಆಗಲ್ಲ. ಇಲ್ಲಿನ ಹಳೆಯ ಮಾಳಿಗೆ ಮನೆಗೆ ಹೋದರೆ ಒಮ್ಮೆ ತಲೆ ಎತ್ತಿ ನೋಡಿ. ಬೇವಿನ ತೊಲೆ ಇದ್ದರೆ ಇದ್ದುದರಲ್ಲಿ ಕಟ್ಟಿಕೊಂಡವರ ಮನೆ, ಸಾಗವಾನಿ ಇದ್ದರೆ ಸ್ವಲ್ಪ ಉಳ್ಳವರದು. ಆ ಸಾಗವಾನಿ ಘಟ್ಟದ ಕಡೆಯಿಂದಲೇ ಬರಬೇಕಿತ್ತು.

ಅಪ್ಪ ಲಾರಿ ಕ್ಲೀನರ್ ಆಗಿ ಸೇರಿ ಆಮೇಲೆ ಡ್ರೈವರ್ ಆದವನು. ದಾಂಡೇಲಿಯ ಮರದ ಡಿಪೋದಲ್ಲಿ ಲೋಡ್ ಮಾಡಿಕೊಂಡು ಹಳಿಯಾಳ, ಹುಬ್ಬಳ್ಳಿ, ಗದಗ, ಕೊಪ್ಪಳ, ಹೊಸಪೇಟೆ ದಾಟಿ ಬಳ್ಳಾರಿ. ಕಾಡಿನೊಳಗೆ ಕಡಿಯುವುದು, ಆನೆಗೆ ಸರಪಳಿ ಕಟ್ಟಿ ದಿಮ್ಮಿ ಎಳೆಸುವುದು ಬೇರೆಯವರ ಕೆಲಸ. ಡಿಪೋದಿಂದ ಈಚೆಗೆ ಅಪ್ಪನದು. ಕ್ಲೀನರ್ ಅಂದರೆ ಲಾರಿ ತೊಳೆಯೋನು ಅಂದುಕೊಂಡಿದ್ದೀರಾ? ಏರಿನಲ್ಲಿ ಲಾರಿ ನಿಂತರೆ ಹಾರಿ ಇಳಿದು ಹಿಂದಿನ ಟೈರಿಗೆ ಕಲ್ಲು ಕೊಡಬೇಕು. ಅದೇ ಅವನ ಮುಖ್ಯ ಕೆಲಸ. ಒಂದು ಕ್ಷಣ ತಡವಾದರೆ ಲಾರಿಯೂ ಇಲ್ಲ, ಮಾಲೂ ಇಲ್ಲ. ಆಮೇಲೆ ಅದೇ ಕಲ್ಲನ್ನು ರಸ್ತೆ ಮಧ್ಯೆ ಬಿಟ್ಟು ಹೋಗುತ್ತಾರೆ ನೋಡಿ, ಅದು ಬೇರೆ ಕಥೆ. ಬೈಕಿನವರು ಬೈದುಕೊಂಡೇ ಹೋಗಬೇಕು.

ಬೆಟ್ಟದ ಮರದ ಬಗ್ಗೆ ನೀವು ಕೇಳಿದ್ದಕ್ಕೆ ಉತ್ತರ ಈ ಕಲ್ಲಿನಲ್ಲೇ ಇದೆ. ಇಳಿಜಾರಿನಲ್ಲಿ ಭಾರ ಎಳೆಯುವುದಕ್ಕಿಂತ ನಿಲ್ಲಿಸುವುದು ಕಷ್ಟ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯಲ್ಲಿ ತೇರು ನೋಡಿ, ಹಗ್ಗ ಹಿಡಿಯೋಕೆ ಸಾವಿರ ಜನ ಮುಂದೆ ಬರುತ್ತಾರೆ. ಗಾಲಿಯ ಪಕ್ಕದಲ್ಲೇ ನಡೆದು, ಬೇಕಾದ ಹೊತ್ತಿಗೆ ಗಾಲಿಗೆ ಮರದ ತುಂಡು ಕೊಡೋಕೆ ಎಲ್ಲರಿಗೂ ಆಗಲ್ಲ. ಆ ಕೆಲಸಕ್ಕೆ ಕೈ ಪಳಗಿದವರೇ ಬೇಕು.

ನಾನು ಚಿಕ್ಕವನಿದ್ದಾಗ ಮಿಲ್ಲಿನಲ್ಲಿ ಕ್ರೇನ್ ಇರಲಿಲ್ಲ. ಲಾರಿಗೆ ಎರಡು ಗಟ್ಟಿ ಕಂಬ ಓರೆಯಾಗಿ ಆನಿಸಿ, ದಿಮ್ಮಿಗೆ ಹಗ್ಗ ಸುತ್ತಿ, ಆಚೆ ಕಡೆಯಿಂದ ಹಗ್ಗ ಬಿಗಿ ಹಿಡಿದು ನಿಧಾನಕ್ಕೆ ಸಡಿಲಿಸುತ್ತಾ ಕಂಬದ ಮೇಲೆ ಉರುಳಿಸಿ ಇಳಿಸುತ್ತಿದ್ದರು. ಬೇಸಿಗೆ ರಜೆಯಲ್ಲಿ ನನಗೆ ಬೆಣೆ ಕೊಡೋ ಕೆಲಸ. ದಿಮ್ಮಿ ನೆಲ ಮುಟ್ಟಿದ ತಕ್ಷಣ ಅಡಿಗೆ ಬೆಣೆ ತಳ್ಳಬೇಕು. ಹಮಾಲರಲ್ಲಿ ಅರ್ಧ ಜನ ರಾಯದುರ್ಗದ ಕಡೆಯವರು, ತೆಲುಗು. ಅಪ್ಪ "ನಿಲ್ಸು ನಿಲ್ಸು" ಅಂತ ಕೂಗಿದರೆ ಆ ಕಡೆಯಿಂದ "ಆಪು ಆಪು" ಅಂತ ಕೂಗುತ್ತಿದ್ದರು. ದಿಮ್ಮಿಗೆ ಎರಡೂ ಭಾಷೆ ಬರಲ್ಲ. ಒಂದು ಸಲ ಬೆಣೆ ಜಾರಿ ನನ್ನ ಎಡಗಾಲಿನ ಹೆಬ್ಬೆರಳಿನ ಉಗುರು ಹೋಯಿತು. ಹೊಸ ಉಗುರು ಇವತ್ತಿಗೂ ಸೊಟ್ಟಗೆ ಬೆಳೆಯುತ್ತೆ.

ಈಗ ಬೆಟ್ಟಕ್ಕೆ ಬರುತ್ತೇನೆ. ಹಸಿ ಮರ ಒಂದು ಘನ ಮೀಟರ್ ಅಂದರೆ ಹೆಚ್ಚುಕಡಿಮೆ ಒಂದು ಟನ್. ಅಂಥ ಮೂರು ನಾಲ್ಕು ಟನ್ ಇಳಿಜಾರಿನಲ್ಲಿ ಒಮ್ಮೆ ಉರುಳೋಕೆ ಶುರುವಾದರೆ ಮುಗಿಯಿತು. ಅಮೆರಿಕದ ಪಶ್ಚಿಮ ತೀರದಲ್ಲಿ ಮೊದಲು ಇಂಥ ದಿಮ್ಮಿಗಳನ್ನು ಎತ್ತುಗಳೇ ಎಳೆಯುತ್ತಿದ್ದವು. ನಮ್ಮ ಹಾಗೆ ಒಂದು ಜೋಡಿ ಅಲ್ಲ, ಒಂದರ ಹಿಂದೆ ಒಂದು ನಾಲ್ಕೈದು ಜೋಡಿ. ದಾರಿಗೆ ಅಡ್ಡಡ್ಡ ಮರ ಹಾಸಿ, ಅದಕ್ಕೆ ಎಣ್ಣೆ ಜಿಡ್ಡು ಬಳಿಯೋಕೆ ಒಬ್ಬ ಹುಡುಗ. ಅಲ್ಲೂ ಒಬ್ಬ ಹುಡುಗ, ನೋಡಿ! 1881ರಲ್ಲಿ ಕ್ಯಾಲಿಫೋರ್ನಿಯಾದ ಜಾನ್ ಡಾಲ್ಬೀರ್ ಹಬೆಯಲ್ಲಿ ಹಗ್ಗ ಸುತ್ತುವ ಯಂತ್ರ ಮಾಡಿದ. ಅಲ್ಲಿಂದ ಎತ್ತು ಹೋಗಿ ತಂತಿ ಹಗ್ಗ ಬಂತು. ಆಮೇಲೆ ಬೆಟ್ಟದ ತುದಿಯಲ್ಲಿ ಎತ್ತರದ ಕಂಬ ನಿಲ್ಲಿಸಿ, ಕಣಿವೆಯ ಮೇಲೆ ತಂತಿ ಎಳೆದು, ದಿಮ್ಮಿಯನ್ನು ನೇತು ಹಾಕಿ ಮೇಲಕ್ಕೆ ಎಳೆದುಕೊಳ್ಳುವುದು ಬಂತು. ನಮ್ಮ ಸಂಡೂರಿನ ದೋಣಿಮಲೈ ಕಡೆ ಬೆಲ್ಟಿನ ಮೇಲೆ ಅದಿರು ಹೋಗುತ್ತಲ್ಲ, ಇಲ್ಲಿ ಬೆಲ್ಟಿನ ಬದಲು ತಂತಿ ಅಂದುಕೊಳ್ಳಿ.

ಯಂತ್ರ ಬಂದರೂ ಜನ ಮಾತ್ರ ಇಳಿಜಾರಿನಲ್ಲೇ ಉಳಿದರು. ಒಬ್ಬ ಗರಗಸ ಹಿಡಿದು ಕಡಿಯಬೇಕು, ಇನ್ನೊಬ್ಬ ಬಿದ್ದ ಮರಕ್ಕೆ ತಂತಿಯ ಕುಣಿಕೆ ಹಾಕಿ ಓಡಿ ದೂರ ನಿಲ್ಲಬೇಕು. ಸಾಯುತ್ತಿದ್ದವರು ಹೆಚ್ಚಾಗಿ ಇವರೇ. ನ್ಯೂಜಿಲೆಂಡಿನಲ್ಲಿ 2013ರ ಒಂದೇ ವರ್ಷ ಕಾಡಿನ ಕೆಲಸದಲ್ಲಿ 10 ಜನ ಸತ್ತರು. ಅಲ್ಲಿ ದೊಡ್ಡ ಗಲಾಟೆಯಾಯಿತು. ಕಳೆದ ಹತ್ತು ಹದಿನೈದು ವರ್ಷದಲ್ಲಿ ಅಲ್ಲಿ ಕೆಲಸದ ರೀತಿಯೇ ಬದಲಾಗಿದೆ. ಬೆಟ್ಟದ ಮೇಲೆ ಭಾರಿ ಬುಲ್ಡೋಜರ್ ಒಂದನ್ನು ಊರಿ ನಿಲ್ಲಿಸುತ್ತಾರೆ, ಅದರ ಉಕ್ಕಿನ ಹಗ್ಗಕ್ಕೆ ಕಟ್ಟಿದ ಇನ್ನೊಂದು ಯಂತ್ರ ಇಳಿಜಾರಿನಲ್ಲಿ ಇಳಿಯುತ್ತಾ ಮರವನ್ನು ಕೈಯಲ್ಲಿ ಹಿಡಿದ ಹಾಗೆ ಹಿಡಿದು, ಬುಡಕ್ಕೆ ಕತ್ತರಿಸಿ, ತನಗೆ ಬೇಕಾದ ಕಡೆ ಮಲಗಿಸುತ್ತೆ. ಹಗ್ಗ ಇಲ್ಲದೆ ನೂರಡಿಗೆ 35-40 ಅಡಿ ಏರಿದ್ದರೆ ಯಂತ್ರ ಇಳಿಸೋಕೆ ಹೆದರುತ್ತಿದ್ದರು. ಈಗ ಅದರ ಎರಡರಷ್ಟು ಕಡಿದಾದ ಕಡೆಯೂ ಇಳಿಸುತ್ತಾರೆ. ಕುಣಿಕೆ ಹಾಕುವವನ ಬದಲು ತಂತಿಯ ಮೇಲೆ ಓಡಾಡುವ ಕ್ಯಾಮೆರಾ ಇರುವ ಇಕ್ಕಳ. ಕೆಲಸಗಾರ ಏಸಿ ಕ್ಯಾಬಿನ್‌ನಲ್ಲಿ ಕೂತು ಪರದೆ ನೋಡುತ್ತಾನೆ.

ಇದನ್ನು ಅಪ್ಪನಿಗೆ ಮೊಬೈಲಿನಲ್ಲಿ ತೋರಿಸಿದೆ. ಮೂರು ಸಲ ನೋಡಿದ. "ಹಗ್ಗ ಹರಿದರೆ?" ಅಂದ. ಹಗ್ಗ ತಡೆಯೋ ಶಕ್ತಿಯ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಎಳೆತ ಬೀಳದ ಹಾಗೆ ನೋಡಿಕೊಳ್ಳುತ್ತಾರೆ ಅಂದೆ. ತಲೆ ಆಡಿಸಿದ, ನಂಬಲಿಲ್ಲ. "ಅವನಿಗೆ ಸಂಬಳ ಎಷ್ಟಂತೆ?" ಅಂತ ಕೇಳಿ ಮೊಬೈಲ್ ವಾಪಸ್ ಕೊಟ್ಟ.

ಅಪ್ಪನ ದಾಂಡೇಲಿ ಓಡಾಟ ಕಡಿಮೆ ಆಗಿದ್ದು ಯಂತ್ರದಿಂದ ಅಲ್ಲ, ಕಾನೂನಿನಿಂದ. 1980ರಲ್ಲೇ ಅರಣ್ಯ ಸಂರಕ್ಷಣಾ ಕಾಯ್ದೆ ಬಂದಿತ್ತು. 1996ರ ಡಿಸೆಂಬರ್ 12ರಂದು ಸುಪ್ರೀಂ ಕೋರ್ಟ್, ಕೇಂದ್ರ ಸರ್ಕಾರ ಒಪ್ಪಿದ ಕಾರ್ಯಯೋಜನೆ (ಕಾಡನ್ನು ಹೇಗೆ ನೋಡಿಕೊಳ್ಳಬೇಕು, ಎಲ್ಲಿ ಎಷ್ಟು ಕಡಿಯಬಹುದು ಅನ್ನೋ ಲೆಕ್ಕ) ಇಲ್ಲದೆ ಕಾಡಿನ ಮರಕ್ಕೆ ಕೊಡಲಿ ಹಾಕಬಾರದು ಎಂದಿತು. ಒಳ್ಳೆಯದೇ ಆಯಿತು ಅಂತ ನನ್ನ ಅಭಿಪ್ರಾಯ. ಮಿಲ್ಲಿನವನ ಬಾಯಲ್ಲಿ ಈ ಮಾತು ಬಂದರೆ ಪಕ್ಕದವರು ನಗುತ್ತಾರೆ, ನಗಲಿ.

ಈಗ ನಮಗೆ ಬರೋದು ಜಾಸ್ತಿ ನ್ಯೂಜಿಲೆಂಡಿನ ಪೈನ್. ಹಡಗಿನಲ್ಲಿ ಗುಜರಾತಿನ ಕಾಂಡ್ಲಾ ಬಂದರಿಗೆ ಬಂದು ಅಲ್ಲಿಂದ ಲಾರಿ. ಅಂಟು ಕೈಗೆ ಮೆತ್ತಿದರೆ ಸೋಪಿಗೆ ಹೋಗಲ್ಲ, ಸೀಮೆಎಣ್ಣೆಯೇ ಬೇಕು. ನಮ್ಮ ಬಿಸಿಲಿಗೆ ಬಿಟ್ಟರೆ ಬಿರುಕು, ಮುಚ್ಚಿಟ್ಟರೆ ನೀಲಿ ಕಲೆ. ಹೋದ ವರ್ಷ ಒಂದು ದಿಮ್ಮಿಯ ತುದಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಸುಮ್ನೆ ಉಂಗುರ ಎಣಿಸಿದೆ, 28. ನಮ್ಮಲ್ಲಿ ಕಡಿಯೋದು ನಿಲ್ಲಿಸಿ ಅಂತ ಕೋರ್ಟ್ ಹೇಳಿದ ಹೊತ್ತಿಗೆ ಅಲ್ಲೆಲ್ಲೋ ಬೆಟ್ಟದ ಮೇಲೆ ಯಾರೋ ನೆಟ್ಟ ಸಸಿ. ಉಂಗುರಗಳು ಬೆರಳಿನಷ್ಟು ಅಗಲ, ಸಾಗವಾನಿಯಲ್ಲಿ ಹಾಗೆ ನೋಡೋಕೆ ಸಿಗಲ್ಲ.

ಅಲ್ಲಿ ಎಲ್ಲ ಚೆನ್ನಾಗಿದೆ ಅಂತಲೂ ಅಲ್ಲ. ಕಡಿದ ಮೇಲೆ ಇಳಿಜಾರಿನಲ್ಲಿ ಉಳಿದ ಕೊಂಬೆ, ತುಂಡು 2023ರ ಫೆಬ್ರವರಿಯ ಚಂಡಮಾರುತದಲ್ಲಿ ಗಿಸ್ಬೋರ್ನ್ ಕಡೆ ಹೊಳೆಗಳಲ್ಲಿ ತೇಲಿ ಬಂದು ಸೇತುವೆಗೆ ಅಡರಿ, ಹೊಲ ಸಮುದ್ರ ತೀರ ಎಲ್ಲ ತುಂಬಿಕೊಂಡಿತು. ಸಂಡೂರಿನವರಿಗೆ ಇದನ್ನು ಬಿಡಿಸಿ ಹೇಳೋದೇ ಬೇಡ. ಗಣಿ ಜೋರಾಗಿದ್ದ ಕಾಲದಲ್ಲಿ ಮಳೆ ಬಂದರೆ ಬೆಟ್ಟದಿಂದ ಕೆಂಪು ನೀರು ಇಳಿದು ನಾರಿಹಳ್ಳಕ್ಕೆ ಸೇರುತ್ತಿತ್ತು. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿ ನಿಲ್ಲಿಸಿದಾಗ ನಮ್ಮಲ್ಲಿ ಎಷ್ಟೋ ಲಾರಿಗಳು ಮನೆ ಮುಂದೆ ನಿಂತು ತುಕ್ಕು ಹಿಡಿದವು. ಮೊನ್ನೆ ಮೊನ್ನೆ ಸಂಡೂರಿನ ದೇವದಾರಿ ಬೆಟ್ಟದಲ್ಲಿ ಗಣಿಗೆ ಸುಮಾರು 400 ಹೆಕ್ಟೇರ್ ಕಾಡು, 99 ಸಾವಿರ ಮರ ಹೋಗುತ್ತೆ ಅಂತ ಗಲಾಟೆ ನಡೆದಿದ್ದನ್ನು ನೀವೂ ಓದಿರಬಹುದು. ಆ ಮರಗಳು ದಾಂಡೇಲಿಯ ಮರದಷ್ಟು ದಪ್ಪ ಇಲ್ಲ. ಆದರೆ ಆ ಇಳಿಜಾರಿನ ಮಣ್ಣು ಹಿಡಿದಿರೋದು ಅವೇ.

ನಿಮ್ಮ ಬಾಗಿಲಿನ ವಿಷಯ ಮರೆಯೋಕೆ ಮುಂಚೆ ಹೇಳಿಬಿಡುತ್ತೇನೆ. ನಮ್ಮಲ್ಲಿ ದಿಮ್ಮಿ ಅಳೆಯೋದು ಸುತ್ತಳತೆಯ ಕಾಲು ಭಾಗದ ಲೆಕ್ಕದಲ್ಲಿ. ಸುತ್ತು 60 ಇಂಚು, ಉದ್ದ 10 ಅಡಿ ಇದ್ದರೆ, 15 ಗುಣಿಸು 15 ಗುಣಿಸು 10, ಅದನ್ನು 144ರಿಂದ ಭಾಗಿಸಿದರೆ ಹದಿನೈದೂವರೆ ಘನ ಅಡಿ ಚಿಲ್ಲರೆ. ನಿಜವಾಗಿ ಆ ದಿಮ್ಮಿಯಲ್ಲಿ ಇಪ್ಪತ್ತರ ಹತ್ತಿರ ಇರುತ್ತೆ. ಮಿಕ್ಕಿದ್ದು ಸಿಪ್ಪೆ ಹಲಗೆಗೆ, ಹೊಟ್ಟಿಗೆ ಹೋಗುತ್ತೆ ಅಂತ ಹಳಬರು ಬಿಟ್ಟುಕೊಟ್ಟ ಲೆಕ್ಕ ಅದು. ಆದ್ದರಿಂದ ಮಿಲ್ಲಿನವನು ಮೋಸ ಮಾಡಿದ ಅಂತ ಮೊದಲೇ ಜಗಳಕ್ಕೆ ನಿಲ್ಲಬೇಡಿ. ಮುಖ್ಯ ಬಾಗಿಲಿಗೆ ಪೈನ್ ಬೇಡ, ಒಳಗಿನ ಬಾಗಿಲಿಗೆ ನಡೆಯುತ್ತೆ. ಈ ವಾರ ಮಾತ್ರ ಬರಬೇಡಿ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿಂದ ಉಕ್ಕಿನ ಸುರುಳಿ ಹೊತ್ತು ಹೋಗೋ ಟ್ರೇಲರ್‌ಗಳಿಗೆ, ಸುರುಳಿ ಉರುಳದ ಹಾಗೆ ಅಡಿಗೆ ಕೊಡೋ ಬೆಣೆ ಬೇಕಂತೆ, ನೂರಾರು. ಅದೇ ಪೈನ್ ಕೊಯ್ಯುತ್ತಿದ್ದೇವೆ. ಮುಂದಿನ ಸೋಮವಾರ ಬನ್ನಿ, ಟೇಪ್ ನೀವೇ ಹಿಡಿಯಿರಿ.