ಆ ದೃಶ್ಯದಲ್ಲಿ ಸಂಗೀತವೇ ಇಲ್ಲ

ಪ್ರಿಯರೇ,

‘ದಿ ಫ್ರೆಂಚ್ ಕನೆಕ್ಷನ್’ (1971) ಚಿತ್ರದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಸರಾಗವಾಗಿದೆ, ಐದು ಆಸ್ಕರ್‌ಗಳ ಲೆಕ್ಕವೂ ಸರಿಯಿದೆ. ಆದರೆ ಎರಡು ವಾಕ್ಯಗಳು ನನ್ನನ್ನು ಕೆರಳಿಸಿದವು. ಅವುಗಳ ಬಗ್ಗೆಯಷ್ಟೇ ಬರೆಯುತ್ತೇನೆ.

“ರೋಮಾಂಚಕ ಹಿನ್ನೆಲೆ ಸಂಗೀತ ಚೇಸ್ ದೃಶ್ಯಕ್ಕೆ ಜೀವ ತುಂಬಿದೆ” ಎಂದಿದ್ದೀರಿ. ಆ ದೃಶ್ಯದಲ್ಲಿ ಸಂಗೀತವೇ ಇಲ್ಲ! ಬ್ರೂಕ್ಲಿನ್‌ನ ಬೀದಿ. ಮೇಲೆ, ಕಂಬಗಳ ಮೇಲಿನ ಹಳಿಯಲ್ಲಿ ಕೊಲೆಗಾರನಿರುವ ರೈಲು. ಕೆಳಗೆ, ಯಾರದೋ ಕಾರು ಕಸಿದುಕೊಂಡು ಬೆನ್ನಟ್ಟಿರುವ ನ್ಯೂಯಾರ್ಕ್ ಪೊಲೀಸ್ ಪತ್ತೇದಾರ ಡಾಯ್ಲ್. ಕೇಳಿಸುವುದು ಹಾರ್ನ್, ಕಿರುಚುವ ಟೈರು, ರೈಲಿನ ಗಡಗಡ, ಇಷ್ಟೇ. ಮಗುವಿನ ತಳ್ಳುಗಾಡಿ ಹಿಡಿದ ಹೆಂಗಸು ಅಡ್ಡ ಬಂದಾಗ ಕಾರು ಕಸದ ರಾಶಿಗೆ ನುಗ್ಗುತ್ತದೆ. ಅಲ್ಲಿ ಲಯ ಹುಟ್ಟುವುದು ಜೆರಾಲ್ಡ್ ಗ್ರೀನ್‌ಬರ್ಗ್ ಅವರ ಸಂಕಲನದಿಂದ. ಡಾನ್ ಎಲ್ಲಿಸ್ ಸಂಗೀತ ಚಿತ್ರದಲ್ಲಿದೆ, ಆದರೆ ನಿರ್ದೇಶಕ ಫ್ರೀಡ್ಕಿನ್ ಅದನ್ನು ಇಲ್ಲಿಗೆ ತಂದಿಲ್ಲ. ನೀವು ಬರೆದದ್ದು ಕೇಳಿದ್ದನ್ನಲ್ಲ, ಇಂಥ ದೃಶ್ಯಗಳಿಗೆ ಎಲ್ಲರೂ ಬರೆಯುವ ಮಾತನ್ನು.

ನಾನೂ ಹಾಗೇ ಬರೆದವನು. ನನ್ನ ಮೊದಲ ವಿಮರ್ಶೆಯಲ್ಲಿ “ಅದ್ಭುತ ಛಾಯಾಗ್ರಹಣ” ಎಂದಿತ್ತು. ಹಿರಿಯ ಸಂಪಾದಕರು ಹಾಳೆಯನ್ನು ತಿರುಗಿಸಿ ನನ್ನ ಮುಂದಿಟ್ಟು, “ಬೆಳಕು ಯಾವ ಕಡೆಯಿಂದ ಬರ್ತಿತ್ತು?” ಅಂದರು. ಬಾಯಿ ಬರಲಿಲ್ಲ. ಅಂದೇ ಸಂಜೆ ಮತ್ತೆ ಚಿತ್ರಮಂದಿರಕ್ಕೆ ಹೋಗಿ ಕತ್ತಲಲ್ಲೇ ಗೀಚಿಕೊಂಡೆ. ಹೊರಗೆ ಬಂದು ನೋಡಿದರೆ ಸಾಲಿನ ಮೇಲೆ ಸಾಲು ಕೂತಿತ್ತು. ಓದಲು ಸಿಕ್ಕಿದ್ದು ನಾಲ್ಕು ಪದ. ಆ ನಾಲ್ಕರಿಂದ ಬರೆದ ಪ್ಯಾರಾ ಅಚ್ಚಾಯಿತು, ಉಳಿದದ್ದೆಲ್ಲ ಹೋಯಿತು.

ಇನ್ನೊಂದು ನಿಮ್ಮ ಕೊನೆಯ ವಾಕ್ಯ: “ದಕ್ಷ ಅಧಿಕಾರಿಯ ಛಲದಿಂದ ಕೊನೆಗೂ ನ್ಯಾಯ ಗೆಲ್ಲುತ್ತದೆ.” ಒಂದೊಂದೇ ಪದ ನೋಡೋಣ. ‘ದಕ್ಷ’: ರೈಲು ನಿಲ್ದಾಣದ ಮೆಟ್ಟಿಲ ಮೇಲೆ ಡಾಯ್ಲ್ ಕೊಲೆಗಾರನಿಗೆ ಗುಂಡು ಹೊಡೆಯುವುದು ಬೆನ್ನಿಗೆ. ಪಾಳು ಕಟ್ಟಡದಲ್ಲಿ ನೆರಳು ಕಂಡು ಗುಂಡು ಹಾರಿಸಿದಾಗ ಸಾಯುವವನು ಆತ ಬೆನ್ನಟ್ಟಿದ್ದ ಹೆರಾಯಿನ್ ಸಾಗಣೆದಾರ ಶಾರ್ನಿಯೆ ಅಲ್ಲ, ತಮ್ಮ ಕಡೆಯವನೇ ಆದ ಫೆಡರಲ್ ಏಜೆಂಟ್ ಮಲ್ಡೆರಿಗ್. ಜೊತೆಗಾರ ರುಸೊ ದಿಗ್ಭ್ರಮೆಯಿಂದ ನಿಂತಿರುತ್ತಾನೆ. ಡಾಯ್ಲ್ ಪಿಸ್ತೂಲಿಗೆ ಗುಂಡು ತುಂಬಿಕೊಂಡು ಒಳಕ್ಕೆ ನಡೆಯುತ್ತಾನೆ. ಡಾಯ್ಲ್ ಆಗಿ ನಟಿಸಿದ ಜೀನ್ ಹ್ಯಾಕ್‌ಮನ್ ಮುಖದಲ್ಲಿ ಪಶ್ಚಾತ್ತಾಪದ ಒಂದು ಗೆರೆಯೂ ಇಲ್ಲ. ನನಗೆ ಇಂದಿಗೂ ಅದು ಭಯ ಹುಟ್ಟಿಸುತ್ತದೆ. ‘ನ್ಯಾಯ’, ‘ಗೆಲ್ಲುತ್ತದೆ’: ಕತ್ತಲಿನಿಂದ ಒಂದು ಗುಂಡಿನ ಸದ್ದು, ಆಮೇಲೆ ಪರದೆಯ ಮೇಲೆ ಅಕ್ಷರಗಳು. ಶಾರ್ನಿಯೆ ಸಿಗಲೇ ಇಲ್ಲ. ಡಾಯ್ಲ್, ರುಸೊ ಇಬ್ಬರನ್ನೂ ಮಾದಕವಸ್ತು ವಿಭಾಗದಿಂದ ಎತ್ತಂಗಡಿ ಮಾಡಲಾಯಿತು.

ನಿಮ್ಮ ವಾಕ್ಯದಲ್ಲಿ ನಿಲ್ಲುವ ಪದ ‘ಛಲ’ ಒಂದೇ. ಆ ಛಲ ಆತನನ್ನು ಎಲ್ಲಿಗೆ ತಂದು ನಿಲ್ಲಿಸಿತು ಎಂಬುದು ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ. ಕೊನೆಯ ಹತ್ತು ನಿಮಿಷ ಮತ್ತೆ ನೋಡಿ, ಆ ಪ್ಯಾರಾ ಹೊಸದಾಗಿ ಬರೆದು ಕಳಿಸಿ. ಕಾಯುತ್ತಿರುತ್ತೇನೆ.

ಇಂತಿ,
ಸಂಪಾದಕ